ಕತ್ತಾಳೆಯ ಟಕೀಲಾ, ಜೋಳದ ವಿಸ್ಕಿ: ಕಾಯುವ ಭಾರ ಯಾರ ಮೇಲೆ?

ಬಯಲುಸೀಮೆಯ ಹೊಲದ ಬೇಲಿಗಳಲ್ಲಿ, ರೈಲು ಹಳಿಯ ಬದಿಗಳಲ್ಲಿ ಬೆಳೆದು ನಿಂತ ಕತ್ತಾಳೆಯನ್ನು ನಾವೆಲ್ಲರೂ ಕಂಡವರೇ. ದನ ನುಗ್ಗದ ಹಾಗೆ ಬೇಲಿ, ಎಲೆ ಕೊಳೆಸಿ ಬಡಿದರೆ ಹಗ್ಗಕ್ಕೆ ನಾರು; ಇದಕ್ಕಿಂತ ಹೆಚ್ಚಿನ ಬೆಲೆಯನ್ನು ನಮ್ಮಲ್ಲಿ ಯಾರೂ ಅದಕ್ಕೆ ಕಟ್ಟಿದ್ದಿಲ್ಲ. ಈ ಗಿಡ ನಮ್ಮ ನೆಲದ್ದಲ್ಲ. ಯುರೋಪಿನವರ ಮೂಲಕ ಅಮೆರಿಕ ಖಂಡದಿಂದ ಬಂದದ್ದು. ಅದರ ತವರಾದ ಮೆಕ್ಸಿಕೋ ದೇಶದಲ್ಲಿ ಇದೇ ಕುಲದ ಇನ್ನೊಂದು ಗಿಡ ಸಾವಿರಾರು ರೈತ ಕುಟುಂಬಗಳ ಅನ್ನದ ಬೆಳೆ. ಅದರಿಂದ ಭಟ್ಟಿ ಇಳಿಸುವ ಮದ್ಯವೇ ಜಗತ್ತಿನಾದ್ಯಂತ ಹೆಸರಾದ ಟಕೀಲಾ. ಮೆಕ್ಸಿಕೋದ ಉತ್ತರಕ್ಕೆ, ಅಮೆರಿಕ ಸಂಯುಕ್ತ ಸಂಸ್ಥಾನದ ಕೆಂಟಕಿ ಮತ್ತು ಟೆನೆಸಿ ಸೀಮೆಗಳಲ್ಲಿ ಮುಸುಕಿನ ಜೋಳದಿಂದ ವಿಸ್ಕಿ ತಯಾರಿಸುತ್ತಾರೆ.

ಮದ್ಯದ ಗುಣಗಾನ ಮಾಡುವುದು ಈ ಲೇಖನದ ಉದ್ದೇಶವಲ್ಲ. ಎರಡೂ ಪಾನೀಯಗಳು ಹುಟ್ಟುವುದು ರೈತನ ಹೊಲದಲ್ಲಿ. ಎರಡಕ್ಕೂ ಹಲವು ವರ್ಷಗಳ ಕಾಲಾವಧಿ ಬೇಕು. ಆದರೆ ಒಂದರಲ್ಲಿ ಆ ವರ್ಷಗಳು ಕಳೆಯುವುದು ಬೆಳೆಗಾರನ ಹೊಲದಲ್ಲಿ, ಇನ್ನೊಂದರಲ್ಲಿ ತಯಾರಕನ ಉಗ್ರಾಣದಲ್ಲಿ. ಈ ವ್ಯತ್ಯಾಸದಿಂದ ರೈತನ ಕೈಗೆ ಸಿಗುವ ಹಣದಲ್ಲಿ ಏನೇನು ಅಂತರ ಬರುತ್ತದೆ ಎಂಬುದು ಗಿಡ ನೆಟ್ಟು ವರ್ಷಗಟ್ಟಲೆ ಕಾಯುವ ಅಡಿಕೆ, ಕಾಫಿ ಬೆಳೆಗಾರರು ತಿಳಿಯಬೇಕಾದ ವಿಷಯ.

ಗಿಡ ಮತ್ತು ಅದರ ವಯಸ್ಸು

ಮುಳ್ಳು ನೋಡಿ ಕತ್ತಾಳೆಯನ್ನು ಪಾಪಾಸುಕಳ್ಳಿಯ ಜಾತಿ ಎಂದು ಭಾವಿಸುವವರುಂಟು. ಅದು ಸರಿಯಲ್ಲ. ಸಸ್ಯಶಾಸ್ತ್ರದ ಪ್ರಕಾರ ಅದು ನಮ್ಮ ಶತಾವರಿಯ ಕುಟುಂಬಕ್ಕೆ ಸೇರಿದ್ದು. ಟಕೀಲಾಕ್ಕೆ ಬಳಸುವುದು ಎಲೆಯ ಮೇಲೆ ನೀಲಿ ಛಾಯೆಯುಳ್ಳ ಒಂದೇ ಒಂದು ತಳಿ. ಅಲ್ಲಿ ಅದಕ್ಕೆ ನೀಲಿ ಅಗಾವೆ ಎಂದು ಹೆಸರು. ಎಕರೆಗೆ ಸುಮಾರು ಸಾವಿರದಿಂದ ಸಾವಿರದ ಇನ್ನೂರು ಗಿಡ ನೆಡುತ್ತಾರೆ. ಬೀಜದಿಂದಲ್ಲ, ಬಾಳೆಯ ಹಾಗೆ ತಾಯಿಗಿಡದ ಬುಡದಲ್ಲಿ ಏಳುವ ಕಂದುಗಳಿಂದ. ನೆಟ್ಟ ಮೇಲೆ ಕೊಯ್ಲಿಗೆ ಬರಲು 6ರಿಂದ 8 ವರ್ಷ ಬೇಕು. ಅಷ್ಟು ಕಾಲ ಕಳೆ ತೆಗೆಯಬೇಕು, ಗೊಬ್ಬರ ಹಾಕಬೇಕು, ರೋಗ ನೋಡಿಕೊಳ್ಳಬೇಕು.

ಅಡಿಕೆ ಮರ ಒಮ್ಮೆ ಫಸಲಿಗೆ ಬಂದರೆ ಹತ್ತಾರು ವರ್ಷ ಕೊಡುತ್ತದೆ. ಅಗಾವೆ ಹಾಗಲ್ಲ. ಒಂದು ಗಿಡಕ್ಕೆ ಒಂದೇ ಕೊಯ್ಲು. ಬಲಿತ ಗಿಡದ ನಡುವಿನಿಂದ ಮರದೆತ್ತರದ ಹೂಗೊಂಚಲು ಏಳುತ್ತದೆ. ಹೂ ಬಿಟ್ಟು ಬೀಜ ಕಟ್ಟಿದ ಮೇಲೆ ಗಿಡ ಸಾಯುತ್ತದೆ. ವರ್ಷಗಳಿಂದ ಕೂಡಿಟ್ಟ ಸಿಹಿಯನ್ನೆಲ್ಲ ಆ ಹೂವೇ ಹೀರಿಕೊಳ್ಳುವುದರಿಂದ ಅದು ತಲೆಯೆತ್ತುವಾಗಲೇ ಕಡಿದುಹಾಕುತ್ತಾರೆ. ಆಗ ಸಿಹಿಯೆಲ್ಲ ನಡುವಿನ ಗಡ್ಡೆಯಲ್ಲಿ ಉಳಿಯುತ್ತದೆ.

ಕೊಯ್ಲಿನ ಕೆಲಸ ಹಿಮದೋರ್ ಎಂಬ ನುರಿತ ಆಳುಗಳದ್ದು. ನಮ್ಮಲ್ಲಿ ಕೊನೆಗೌಡನಿಗಿರುವ ಸ್ಥಾನ ಅಲ್ಲಿ ಅವನಿಗೆ. ಉದ್ದ ಹಿಡಿಯ ತುದಿಗೆ ದುಂಡನೆಯ ಹರಿತ ಅಲಗು ಕೂರಿಸಿದ ಕೋವಾ ಎಂಬ ಆಯುಧದಿಂದ ಎಲೆಗಳನ್ನೆಲ್ಲ ಸವರಿ ಗಡ್ಡೆಯನ್ನು ಬಿಡಿಸುತ್ತಾನೆ. ಸವರಿದ ಗಡ್ಡೆ ನೋಡಲು ದೊಡ್ಡ ಅನಾನಸಿನಂತೆ. ಅದರ ಹೆಸರೂ ಸ್ಪ್ಯಾನಿಷ್ ಭಾಷೆಯಲ್ಲಿ ಅನಾನಸ್ ಎಂದೇ. ಸಾಮಾನ್ಯವಾಗಿ 30ರಿಂದ 70 ಕಿಲೋ ತೂಗುತ್ತದೆ. ಯಾವ ಗಿಡ ಬಲಿತಿದೆ, ಯಾವುದನ್ನು ಇನ್ನೊಂದು ವರ್ಷ ಬಿಡಬೇಕು ಎಂದು ಕಣ್ಣಂದಾಜಿನಲ್ಲಿ ಹೇಳುವ ಈ ವಿದ್ಯೆ ತಂದೆಯಿಂದ ಮಗನಿಗೆ ಬಂದದ್ದು.

ಕಳ್ಳಿನಿಂದ ಭಟ್ಟಿಗೆ

ಸ್ಪೇನಿನವರು ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಮೆಕ್ಸಿಕೋದ ಮೂಲನಿವಾಸಿಗಳು ಅಗಾವೆಯನ್ನು ಬಳಸುತ್ತಿದ್ದರು. ನಾರು, ಬಟ್ಟೆ, ಸೂಜಿ, ಆಹಾರ ಎಲ್ಲವೂ ಅದರಿಂದಲೇ. ಕೆಲವು ದೊಡ್ಡ ಜಾತಿಯ ಗಿಡಗಳ ನಡುವನ್ನು ಕೆತ್ತಿ ಗುಳಿ ಮಾಡಿದರೆ ಸಿಹಿ ರಸ ಒಸರುತ್ತದೆ. ಅದನ್ನು ದಿನಾ ತೆಗೆದು ಹುಳಿ ಬರಿಸಿದರೆ ಪುಲ್ಕೆ ಎಂಬ ಬಿಳಿಯ ಪಾನೀಯ. ನಮ್ಮ ಬೈನೆ ಕಳ್ಳು, ತೆಂಗಿನ ಕಳ್ಳಿಗೆ ಅದು ಸೋದರಸಂಬಂಧಿ.

ಭಟ್ಟಿ ಇಳಿಸುವ ವಿದ್ಯೆ 16ನೇ ಶತಮಾನದ ನಂತರದ್ದು. ಸ್ಪೇನಿನವರು ತಮ್ಮ ತಾಮ್ರದ ಭಟ್ಟಿಗಳನ್ನು ತಂದರು ಎಂಬುದು ಒಂದು ಮೂಲ. ಇನ್ನೊಂದು ಮೂಲ ನಮ್ಮ ಕರಾವಳಿಯವರಿಗೆ ಸ್ವಾರಸ್ಯವಾಗಿ ಕಾಣಬಹುದು. 1565ರಿಂದ 1815ರವರೆಗೆ ಫಿಲಿಪೀನ್ಸಿನ ಮನಿಲಾದಿಂದ ಮೆಕ್ಸಿಕೋದ ಅಕಪುಲ್ಕೊ ಬಂದರಿಗೆ ಸ್ಪೇನಿನ ಹಡಗುಗಳು ಓಡಾಡುತ್ತಿದ್ದವು. ಅವುಗಳಲ್ಲಿ ಬಂದ ಫಿಲಿಪಿನೋ ಜನ ಪಶ್ಚಿಮ ಕರಾವಳಿಯ ಕೊಲಿಮಾ ಸೀಮೆಯಲ್ಲಿ ತೆಂಗಿನ ಕಳ್ಳು ಇಳಿಸಿ ಅದರಿಂದ ಸಾರಾಯಿ ಕಾಯಿಸುತ್ತಿದ್ದರು. ಪೊಳ್ಳು ಮಾಡಿದ ಮರದ ದಿಮ್ಮಿ, ಮೇಲೊಂದು ತಣ್ಣೀರಿನ ಪಾತ್ರೆ, ಇಷ್ಟೇ ಅವರ ಸಲಕರಣೆ. ಅಗಾವೆಯ ಭಟ್ಟಿಗೆ ದಾರಿ ತೋರಿಸಿದ್ದು ಈ ತೆಂಗಿನ ಭಟ್ಟಿಯೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.

ಅಗಾವೆಯಿಂದ ಇಳಿಸಿದ ಮದ್ಯಕ್ಕೆಲ್ಲ ಮೊದಲಿದ್ದ ಹೆಸರು ಮೆಸ್ಕಾಲ್. ಬೇಯಿಸಿದ ಅಗಾವೆ ಎಂಬ ಅರ್ಥದ ಮೂಲನಿವಾಸಿ ಮಾತಿನಿಂದ ಬಂದ ಪದ ಅದು. ಹಲಿಸ್ಕೊ ರಾಜ್ಯದ ಟಕೀಲಾ ಎಂಬ ಊರಿನ ಸುತ್ತ ತಯಾರಾಗುತ್ತಿದ್ದ ಮೆಸ್ಕಾಲಿಗೆ ಹೆಚ್ಚು ಹೆಸರು ಬಂದು, ಕಡೆಗೆ ಊರಿನ ಹೆಸರೇ ಪಾನೀಯಕ್ಕೂ ನಿಂತಿತು. ಅಲ್ಲಿನ ಕುಯೆರ್ವೊ ಮನೆತನದವರಿಗೆ 1795ರಲ್ಲಿ ಸ್ಪೇನಿನ ದೊರೆಯಿಂದ ತಯಾರಿಕೆಯ ಪರವಾನಗಿ ದೊರೆಯಿತು. 1873ರಲ್ಲಿ ಸೌಸಾ ಮನೆತನದವರು ತಮ್ಮ ಕಾರ್ಖಾನೆ ಸ್ಥಾಪಿಸಿದರು. ಈ ಎರಡು ಹೆಸರುಗಳು ಇಂದಿಗೂ ಪೇಟೆಯಲ್ಲಿವೆ.

ತಯಾರಿಕೆಯ ಕ್ರಮ

ಗಡ್ಡೆಯಲ್ಲಿರುವ ಸಿಹಿ ಹಸಿಯಾಗಿದ್ದಾಗ ಹುದುಗುವ ರೂಪದಲ್ಲಿರುವುದಿಲ್ಲ. ಬೇಯಿಸಿದಾಗ ಮಾತ್ರ ಅದು ಸಕ್ಕರೆಯಾಗಿ ಒಡೆಯುತ್ತದೆ. ಹಳೆಯ ಪದ್ಧತಿಯಲ್ಲಿ ಇಟ್ಟಿಗೆಯ ಒಲೆಯೊಳಗೆ ಹಬೆಯಿಂದ ಒಂದೆರಡು ದಿನ ಬೇಯಿಸುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ಒತ್ತಡದ ಉಕ್ಕಿನ ಪಾತ್ರೆಗಳಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಸುತ್ತಾರೆ. ಬೆಂದ ಗಡ್ಡೆ ಕಂದುಬಣ್ಣಕ್ಕೆ ತಿರುಗಿ ಬೆಲ್ಲದ ಪಾಕದಂತೆ ಸಿಹಿಯಾಗುತ್ತದೆ. ಅದನ್ನು ಅರೆದು, ಹಿಂಡಿ, ರಸವನ್ನು ತೊಟ್ಟಿಗಳಲ್ಲಿ ಹುದುಗಲು ಬಿಡುತ್ತಾರೆ. ಮುಂಚೆ ಕತ್ತೆಯೋ ಎತ್ತೋ ಎಳೆಯುತ್ತಿದ್ದ ದೊಡ್ಡ ಕಲ್ಲುಗಾಲಿಯಿಂದ ಅರೆಯುತ್ತಿದ್ದರು. ಈಗಲೂ ಕೆಲವರು ಅದನ್ನು ಉಳಿಸಿಕೊಂಡಿದ್ದಾರೆ. ಹುದುಗಿದ ರಸವನ್ನು ಕನಿಷ್ಠ ಎರಡು ಸಲ ಭಟ್ಟಿ ಇಳಿಸಬೇಕು. ಪೂರ್ತಿ ಅಗಾವೆಯಿಂದಲೇ ಮಾಡುವ ಒಂದು ಲೀಟರಿಗೆ ಸುಮಾರು 7 ಕಿಲೋ ಗಡ್ಡೆ ಬೇಕಾಗುತ್ತದೆ.

ಇಳಿಸಿದ ಕೂಡಲೇ ಮಾರಿದರೆ ಬ್ಲಾಂಕೊ, ಅಂದರೆ ಬಿಳಿಯದು. ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 2 ತಿಂಗಳಿಟ್ಟರೆ ರೆಪೊಸಾಡೊ, ಒಂದು ವರ್ಷ ಇಟ್ಟರೆ ಅನ್ಯೆಹೊ. ಹೆಚ್ಚಿನ ಮಾಲು ಬಹಳ ಕಾಲ ಇಡದೆ ಮಾರಾಟವಾಗುತ್ತದೆ. ಗಿಡ 7 ವರ್ಷ ಕಾಯಿಸುತ್ತದೆ, ಕಾರ್ಖಾನೆ ಕೆಲವು ವಾರ ಅಥವಾ ತಿಂಗಳು ಕಾಯುತ್ತದೆ.

ದಕ್ಷಿಣದ ವಹಾಕಾ ರಾಜ್ಯವೇ ಇಂದು ಮೆಸ್ಕಾಲಿನ ಮುಖ್ಯ ನೆಲೆ. ಅಲ್ಲಿ ನೆಲದಲ್ಲಿ ಗುಂಡಿ ತೋಡಿ, ಕಟ್ಟಿಗೆಯ ಬೆಂಕಿಯಲ್ಲಿ ಕಲ್ಲುಗಳನ್ನು ಕಾಯಿಸಿ, ಮೇಲೆ ಗಡ್ಡೆ ಪೇರಿಸಿ ಮಣ್ಣು ಮುಚ್ಚಿ, ಹಲವು ದಿನ ಬೇಯಿಸುತ್ತಾರೆ. ಮೆಸ್ಕಾಲಿಗೆ ಹೊಗೆಯ ವಾಸನೆ ಬರುವುದು ಇದರಿಂದ. ಅಲ್ಲಿ ಒಂದೇ ತಳಿಯಲ್ಲ, ಹಲವು ಜಾತಿಯ ಅಗಾವೆಗಳನ್ನು ಬಳಸುತ್ತಾರೆ.

ಹೆಸರಿಗೆ ಕಾವಲು

1974ರಲ್ಲಿ ಮೆಕ್ಸಿಕೋ ಸರ್ಕಾರ ಟಕೀಲಾ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಹಲಿಸ್ಕೊ ರಾಜ್ಯ ಪೂರ್ತಿ ಮತ್ತು ಬೇರೆ ನಾಲ್ಕು ರಾಜ್ಯಗಳ ಗೊತ್ತಾದ ಭಾಗಗಳಲ್ಲಿ ಬೆಳೆದ ನೀಲಿ ಅಗಾವೆಯಿಂದ ಆ ಸೀಮೆಯಲ್ಲಿಯೇ ತಯಾರಿಸಿದ್ದಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ. ನಮ್ಮ ದೇಶದಲ್ಲಿಯೂ ಈಚಿನ ವರ್ಷಗಳಲ್ಲಿ ದಖ್ಖನ್ ಪ್ರಸ್ಥಭೂಮಿಯ ಕತ್ತಾಳೆಯಿಂದ ಮದ್ಯ ಇಳಿಸುವವರಿದ್ದಾರೆ. ಆದರೆ ಅವರು ಅದನ್ನು ಟಕೀಲಾ ಎನ್ನುವಂತಿಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳಿಗೂ ಶಿರಸಿ ಅಡಿಕೆಗೂ ದೊರೆತ ಭೌಗೋಳಿಕ ಗುರುತು ಇದೇ ಜಾತಿಯ ರಕ್ಷಣೆ.

ಆದರೆ ಈ ಕಾವಲಿನಲ್ಲಿ ಒಂದು ಕಂಡಿಯುಂಟು, ಬೆಳೆಗಾರರು ಅದನ್ನು ಗಮನಿಸಬೇಕು. ಹಿಂದೆ ಟಕೀಲಾ ಎಂದರೆ ಪೂರ್ತಿ ಅಗಾವೆಯ ಸಕ್ಕರೆಯಿಂದಾದದ್ದು. ಬೇಡಿಕೆ ಏರಿ ಗಡ್ಡೆ ಸಾಲದಾದಾಗ 1964ರಲ್ಲಿ ಶೇಕಡಾ 70 ಅಗಾವೆ ಇದ್ದರೆ ಸಾಕು ಎಂದು ನಿಯಮ ಸಡಿಲಿಸಿದರು. 1970ರಲ್ಲಿ ಅದು ಶೇಕಡಾ 51ಕ್ಕೆ ಇಳಿಯಿತು. ಉಳಿದದ್ದು ಕಬ್ಬಿನ ಸಕ್ಕರೆ ಮೊದಲಾದವು. ಈ ನಿಯಮ ಇಂದಿಗೂ ಇದೆ. ಪೂರ್ತಿ ಅಗಾವೆಯದಾದರೆ ಸೀಸೆಯ ಮೇಲೆ ಶೇಕಡಾ 100 ಎಂದು ಬರೆದಿರುತ್ತದೆ. ಹೆಸರಿಗೆ ರಕ್ಷಣೆ ಸಿಕ್ಕಿತು, ಊರಿಗೆ ಕೀರ್ತಿ ಬಂತು. 2006ರಲ್ಲಿ ಅಲ್ಲಿನ ಅಗಾವೆ ಹೊಲಗಳೂ ಹಳೆಯ ಕಾರ್ಖಾನೆಗಳೂ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿ ಸೇರಿದವು. ಆದರೆ ಹೆಸರಿನ ಕಾನೂನು ಗಡ್ಡೆಗೆ ಇಂತಿಷ್ಟು ಬೆಲೆ ಎಂದು ಎಲ್ಲಿಯೂ ಹೇಳಲಿಲ್ಲ.

ಬೆಲೆಯ ಏರಿಳಿತ

1990ರ ದಶಕದ ಮೊದಲ ವರ್ಷಗಳಲ್ಲಿ ಗಡ್ಡೆಗೆ ಬೆಲೆಯಿರಲಿಲ್ಲ. ರೈತರು ಹೊಸದಾಗಿ ನೆಡುವುದನ್ನು ಬಿಟ್ಟರು. ದಶಕದ ಕೊನೆಗೆ ಹೊರದೇಶಗಳಲ್ಲಿ ಬೇಡಿಕೆ ಹೆಚ್ಚಿತು. ಅದೇ ಹೊತ್ತಿಗೆ ಹೊಲಗಳಿಗೆ ಸೊರಗು ರೋಗ, ಕೊಳೆ ರೋಗಗಳು ಬಿದ್ದವು. ಎಲ್ಲ ಗಿಡಗಳೂ ಕಂದಿನಿಂದ ಬಂದವು, ಒಂದೇ ತಾಯಿಯ ಅಚ್ಚು. ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲಿತು. ಒಂದು ಪೆಸೊಗೂ ಕಡಿಮೆಯಿದ್ದ ಕಿಲೋ ಗಡ್ಡೆ 2000ದ ಸುಮಾರಿಗೆ 15 ಪೆಸೊ ಆಸುಪಾಸಿಗೆ ಏರಿತು. ರಾತ್ರಿ ಹೊಲಗಳಲ್ಲಿ ಕಳ್ಳರು ಗಡ್ಡೆ ಕಡಿದೊಯ್ಯತೊಡಗಿ, ಕಾವಲು ಇಡಬೇಕಾಯಿತು.

ಬೆಲೆ ಕಂಡು ಎಲ್ಲರೂ ನೆಟ್ಟರು. ಎಲ್ಲರ ಗಿಡವೂ ಒಟ್ಟಿಗೇ ಬಲಿಯಿತು. ನಾಲ್ಕಾರು ವರ್ಷ ಕಳೆಯುವಷ್ಟರಲ್ಲಿ ಬೆಲೆ ಮತ್ತೆ ಒಂದು ಪೆಸೊ ಆಸುಪಾಸಿಗೆ ಕುಸಿಯಿತು. 2007ರ ಸುಮಾರಿಗೆ ಜೋಳಕ್ಕೆ ಒಳ್ಳೆಯ ಬೆಲೆ ಬಂದಾಗ ಕೆಲವರು ಅಗಾವೆಗೆ ಬೆಂಕಿಯಿಟ್ಟು ಆ ಹೊಲದಲ್ಲಿ ಜೋಳ ಹಾಕಿದರು. ಹೀಗೆ ನೆಡುವುದು ನಿಂತದ್ದರ ಫಲವಾಗಿ ಹತ್ತು ವರ್ಷಗಳಾಚೆ ಮತ್ತೆ ಕೊರತೆ. 2018ರಿಂದ 2022ರವರೆಗೆ ಬೆಲೆ 30 ಪೆಸೊ ಆಸುಪಾಸಿನವರೆಗೂ ಹೋಯಿತು. ಮತ್ತೆ ಎಲ್ಲರೂ ನೆಟ್ಟರು. 2024ರ ಹೊತ್ತಿಗೆ 10 ಪೆಸೊಗಿಂತ ಕೆಳಗೆ ಬಿತ್ತು.

ಗಡ್ಡೆಯನ್ನು ಕೊಯ್ದು ಕೂಡಿಡಲು ಬರುವುದಿಲ್ಲ, ಕೆಟ್ಟುಹೋಗುತ್ತದೆ. ಹೊಲದಲ್ಲಿಯೇ ಬಿಟ್ಟರೆ ಹೂ ಏಳುತ್ತದೆ, ಇಲ್ಲವೇ ಕೊಳೆಯುತ್ತದೆ. ಆದ್ದರಿಂದ ಬಲಿತ ವರ್ಷದಲ್ಲಿ ಕಾರ್ಖಾನೆ ಹೇಳಿದ ಬೆಲೆಯೇ ಬೆಲೆ. ದೊಡ್ಡ ಕಾರ್ಖಾನೆಗಳು ಇದರ ಜೊತೆಗೆ ರೈತರ ಜಮೀನನ್ನೇ ಗೇಣಿಗೆ ಹಿಡಿದು ತಾವೇ ಬೆಳೆಸತೊಡಗಿದ್ದರಿಂದ ಸಣ್ಣ ಬೆಳೆಗಾರನ ಮಾತು ಇನ್ನೂ ಹಗುರವಾಯಿತು. ವೆನಿಲ್ಲಾ ಬಳ್ಳಿಯ ಕಥೆಯನ್ನು ನಾವು ಮರೆತಿಲ್ಲ. ಅದರ ತವರೂ ಮೆಕ್ಸಿಕೋವೇ. 2003-04ರಲ್ಲಿ ನಮ್ಮ ಮಲೆನಾಡಿನ ತೋಟಗಳಲ್ಲಿ ಅದು ಮೆರೆದದ್ದೂ ಮರುವರ್ಷಗಳಲ್ಲಿ ಬಿದ್ದದ್ದೂ ಇದೇ ಲೆಕ್ಕದಲ್ಲಿ.

ಒಂದೇ ಅಚ್ಚಿನ ಗಿಡಗಳ ಅಪಾಯಕ್ಕೆ ಈಗ ಅಲ್ಲಿ ಒಂದು ಪರಿಹಾರ ಹುಡುಕಿದ್ದಾರೆ. ಅಗಾವೆಯ ಹೂವಿಗೆ ರಾತ್ರಿ ಬಂದು ಮಕರಂದ ಕುಡಿದು ಪರಾಗ ಹಂಚುವುದು ಒಂದು ಜಾತಿಯ ಬಾವಲಿ. ಹೂ ಕಡಿದರೆ ಅದಕ್ಕೆ ಆಹಾರವಿಲ್ಲ, ಗಿಡಕ್ಕೆ ಹೊಸ ಬೀಜವಿಲ್ಲ. ಹೊಲದಲ್ಲಿ ಶೇಕಡಾ 5ರಷ್ಟು ಗಿಡಗಳನ್ನು ಹೂಬಿಡಲು ಬಿಡುವ ರೈತರ ಮಾಲಿಗೆ ಬಾವಲಿಯ ಗೆಳೆತನದ ಗುರುತು ಹಾಕುವ ಪದ್ಧತಿಯನ್ನು ಮೆಕ್ಸಿಕೋದ ಜೀವವಿಜ್ಞಾನಿ ರೊಡ್ರಿಗೊ ಮೆಡೆಯಿನ್ ಮತ್ತು ಅವರ ಜೊತೆಗಾರರು ಆರಂಭಿಸಿದ್ದಾರೆ.

ಜೋಳದ ಕಥೆ

ಮುಸುಕಿನ ಜೋಳದ ತವರೂ ಮೆಕ್ಸಿಕೋ. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿ ಕೃಷಿಗೆ ಬಂದ ಈ ಬೆಳೆ ಉತ್ತರಕ್ಕೂ ಹರಡಿತು. 18ನೇ ಶತಮಾನದಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಮೂಲದ ಜನ ಅಮೆರಿಕಕ್ಕೆ ವಲಸೆ ಬಂದಾಗ ಧಾನ್ಯದಿಂದ ಭಟ್ಟಿ ಇಳಿಸುವ ವಿದ್ಯೆಯನ್ನೂ ತಂದರು. ಪೆನ್ಸಿಲ್ವೇನಿಯಾದಲ್ಲಿ ರೈ ಎಂಬ ಧಾನ್ಯದಿಂದ, ಕೆಂಟಕಿಯಲ್ಲಿ ಹುಲುಸಾಗಿ ಬೆಳೆಯುತ್ತಿದ್ದ ಜೋಳದಿಂದ ವಿಸ್ಕಿ ಮಾಡಿದರು.

ಅವರಿಗೆ ಇದು ಮೋಜಿನ ವಿಷಯವಾಗಿರಲಿಲ್ಲ, ಸಾಗಣೆಯ ವಿಷಯವಾಗಿತ್ತು. ಗುಡ್ಡದಾಚೆಯ ಪೇಟೆಗೆ ಒಂದು ಕುದುರೆ ಹೊರಬಲ್ಲ ಧಾನ್ಯ ಸುಮಾರು 4 ಬುಷೆಲ್, ಅಂದರೆ 100 ಕಿಲೋ. ಅದನ್ನೇ ವಿಸ್ಕಿ ಮಾಡಿದರೆ 24 ಬುಷೆಲ್ ಧಾನ್ಯದ ಬೆಲೆ ಒಂದೇ ಕುದುರೆಯ ಮೇಲೆ ಹೋಗುತ್ತಿತ್ತು. ಹುಳ ಹಿಡಿಯುವುದಿಲ್ಲ, ಮುಗ್ಗುವುದಿಲ್ಲ. ನಗದು ಹಣ ಕಾಣದ ಆ ಗಡಿನಾಡಿನಲ್ಲಿ ಕೂಲಿಯನ್ನೂ ವಿಸ್ಕಿಯಲ್ಲೇ ಕೊಡುತ್ತಿದ್ದರು.

1791ರಲ್ಲಿ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ವಿಸ್ಕಿಯ ಮೇಲೆ ತೆರಿಗೆ ಹಾಕಿದರು. ನಗದಾಗಿಯೇ ಕಟ್ಟಬೇಕು, ಲೆಕ್ಕದ ಕ್ರಮವೂ ದೊಡ್ಡ ತಯಾರಕರಿಗೆ ಅನುಕೂಲ, ಸಣ್ಣ ರೈತನಿಗೆ ಭಾರ. ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ದಂಗೆಯೆದ್ದರು. 1794ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಜನರ ಸೈನ್ಯದೊಂದಿಗೆ ಹೊರಟು ದಂಗೆ ಅಡಗಿಸಿದರು. 1802ರಲ್ಲಿ ತೆರಿಗೆ ರದ್ದಾಯಿತು. ಅದೇ ವಾಷಿಂಗ್ಟನ್ ನಿವೃತ್ತರಾದ ಮೇಲೆ ತಮ್ಮ ಜಮೀನಿನಲ್ಲಿ ಭಟ್ಟಿ ಹಾಕಿಸಿ 1799ರಲ್ಲಿ ಸುಮಾರು 11,000 ಗ್ಯಾಲನ್ ವಿಸ್ಕಿ ತಯಾರಿಸಿದರು ಎಂಬುದು ಇತಿಹಾಸದ ತಮಾಷೆ.

ವಿಸ್ಕಿ ಮಾಡುವ ಕ್ರಮ ಹೀಗಿದೆ. ಜೋಳವನ್ನು ಹಿಟ್ಟು ಮಾಡಿ ನೀರಿನಲ್ಲಿ ಗಂಜಿಯಂತೆ ಬೇಯಿಸುತ್ತಾರೆ. ರೈ ಅಥವಾ ಗೋಧಿ ಸೇರಿಸುತ್ತಾರೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಹಾಕಿದಾಗ ಪಿಷ್ಟ ಸಕ್ಕರೆಯಾಗುತ್ತದೆ. ದೋಸೆಹಿಟ್ಟಿಗೆ ನಿನ್ನೆಯ ಹಿಟ್ಟು ಬೆರೆಸುವಂತೆ, ಹಿಂದಿನ ಭಟ್ಟಿಯಲ್ಲಿ ಉಳಿದ ಹುಳಿನೀರನ್ನು ಇದಕ್ಕೆ ಸೇರಿಸುವುದುಂಟು. ಬೇಡದ ಸೂಕ್ಷ್ಮಜೀವಿಗಳು ಬೆಳೆಯದಂತೆ ಇದು ತಡೆಯುತ್ತದೆ. ಕೆಂಟಕಿಯ ನೀರು ಸುಣ್ಣಕಲ್ಲಿನಿಂದ ಸೋಸಿ ಬರುವುದರಿಂದ ಅದರಲ್ಲಿ ಕಬ್ಬಿಣದ ಅಂಶ ಕಡಿಮೆ. ವಿಸ್ಕಿಗೆ ಅದು ಒಳ್ಳೆಯದು. ಟೆನೆಸಿಯಲ್ಲಿ ಇಳಿಸಿದ ಮದ್ಯವನ್ನು ಮೇಪಲ್ ಮರದ ಇದ್ದಲಿನ ಮೂಲಕ ಸೋಸುತ್ತಾರೆ. ಅಲ್ಲಿನ ಹೆಸರಾಂತ ಜ್ಯಾಕ್ ಡೇನಿಯಲ್‌ಗೆ ಈ ಕಸುಬು ಕಲಿಸಿದವನು ನಿಯರೆಸ್ಟ್ ಗ್ರೀನ್ ಎಂಬ ಕರಿಯ ಗುಲಾಮ. ಅವನ ಹೆಸರನ್ನು ಆ ಕಂಪನಿ ಬಹಿರಂಗವಾಗಿ ಎತ್ತಿ ಹೇಳಿದ್ದು 2016ರಲ್ಲಿ.

ಪೀಪಾಯಿಯಲ್ಲಿ ಕಳೆಯುವ ಕಾಲ

ಬರ್ಬನ್ ಎನಿಸಿಕೊಳ್ಳಬೇಕಾದರೆ ಕನಿಷ್ಠ ಶೇಕಡಾ 51 ಜೋಳ ಇರಬೇಕು. ಒಳಮೈ ಸುಟ್ಟು ಕರಕಲು ಮಾಡಿದ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು. ಬಣ್ಣ, ರುಚಿ ಬೆರೆಸಬಾರದು. ಇಳಿಸಿದಾಗ ನೀರಿನಂತೆ ತಿಳಿಯಾದದ್ದು ಕೆಂಪಾಗುವುದು ಮರದಿಂದಲೇ. ಬೇಸಗೆಯಲ್ಲಿ ಮದ್ಯ ಹಿಗ್ಗಿ ಮರದೊಳಗೆ ಇಳಿಯುತ್ತದೆ, ಚಳಿಗಾಲದಲ್ಲಿ ಮರಳುತ್ತದೆ. 200 ಲೀಟರಿನ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಕೆಲವು ಪಾಲು ಆವಿಯಾಗಿ ಹೋಗುತ್ತದೆ. ಅಲ್ಲಿಯವರು ಇದನ್ನು ದೇವದೂತರ ಪಾಲು ಎನ್ನುತ್ತಾರೆ. ಒಳ್ಳೆಯ ಮಾಲು 4ರಿಂದ 8 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಇರುತ್ತದೆ. 19ನೇ ಶತಮಾನದಲ್ಲಿ ಕಲಬೆರಕೆ ವಿಪರೀತವಾದಾಗ 1897ರಲ್ಲಿ ಒಂದು ಕಾನೂನು ಬಂತು. ಒಂದೇ ಕಾರ್ಖಾನೆಯಲ್ಲಿ, ಒಂದೇ ಹಂಗಾಮಿನಲ್ಲಿ ಮಾಡಿ, ಸರ್ಕಾರದ ಬೀಗದಡಿ 4 ವರ್ಷ ಇಟ್ಟದ್ದಕ್ಕೆ ಮಾತ್ರ ಆ ಕಾನೂನಿನ ಮುದ್ರೆ ಸಿಗುತ್ತಿತ್ತು. ಒಮ್ಮೆ ಬಳಸಿದ ಪೀಪಾಯಿ ಬರ್ಬನ್‌ಗೆ ಮತ್ತೆ ಬಾರದ ಕಾರಣ ಹಳೆಯವನ್ನು ಹೊರಗೆ ಮಾರುತ್ತಾರೆ. ಟಕೀಲಾ ಕಾರ್ಖಾನೆಗಳಲ್ಲಿ ಕಾಣುವ ಪೀಪಾಯಿಗಳಲ್ಲಿ ಬಹಳಷ್ಟು ಹೀಗೆ ಬಂದವೇ.

2024ರ ಹೊತ್ತಿಗೆ ಕೆಂಟಕಿಯ ಉಗ್ರಾಣಗಳಲ್ಲಿ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಪೀಪಾಯಿಗಳು ಕಾಯುತ್ತಿದ್ದವು. ಇಂದು ಇಟ್ಟ ಮಾಲಿಗೆ ಆರು ವರ್ಷದ ಮೇಲೆ ಗಿರಾಕಿ ಇದ್ದಾರೆಯೇ ಎಂಬ ಚಿಂತೆ ತಯಾರಕನದು. ಜೋಳ ಬೆಳೆದ ರೈತ ನಾಲ್ಕೈದು ತಿಂಗಳಲ್ಲಿ ಕಟಾವು ಮಾಡಿ, ಮಾರಿ, ಹಣ ಎಣಿಸಿಕೊಂಡಿರುತ್ತಾನೆ. ಬೆಲೆ ಸಾಲದಿದ್ದರೆ ಮುಂದಿನ ವರ್ಷ ಬೇರೆ ಬೆಳೆ ಹಾಕುತ್ತಾನೆ. ಅವನ ಜೋಳಕ್ಕೆ ದನದ ಮೇವು, ಪಿಷ್ಟದ ಕಾರ್ಖಾನೆ ಮೊದಲಾಗಿ ಬೇರೆ ಗಿರಾಕಿಗಳೂ ಉಂಟು. ಅವನಿಗೂ ಕಷ್ಟವಿಲ್ಲ ಎಂದಲ್ಲ. ಆದರೆ ವಿಸ್ಕಿಯ ಕಾಲದ ಭಾರ ಅವನ ಹೆಗಲ ಮೇಲಿಲ್ಲ.

ನಮ್ಮ ತೋಟಕ್ಕೆ ಇದರಿಂದೇನು?

ಕಾಲದ ಲೆಕ್ಕದಲ್ಲಿ ನಾವು ಅಗಾವೆಯವರ ಸಾಲಿನವರು. ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ, ಕಾಫಿಗೆ ಮೂರ್ನಾಲ್ಕು ವರ್ಷ ನಾವೇ ಕಾಯಬೇಕು. ಆದ್ದರಿಂದ ಹಲಿಸ್ಕೊದ ರೈತರ ಅನುಭವದಿಂದ ಮೂರು ಮಾತುಗಳನ್ನು ಎತ್ತಿಕೊಳ್ಳಬಹುದು.

ಒಂದು: ಇಂದಿನ ಬೆಲೆ ನೋಡಿ ನೆಡುವವನು ಮಾರುವುದು ಆರೇಳು ವರ್ಷದಾಚೆಯ ಬೆಲೆಗೆ. ಅಡಿಕೆಗೆ ದರ ಏರಿದ ವರ್ಷ ಗದ್ದೆಯನ್ನೆಲ್ಲ ಒಮ್ಮೆಗೇ ತೋಟ ಮಾಡುವುದಕ್ಕಿಂತ, ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಮರುನಾಟಿ ಮಾಡುವುದು ಸುರಕ್ಷಿತ. ಕಾಳುಮೆಣಸು, ಬಾಳೆ, ಏಲಕ್ಕಿಯ ಮಿಶ್ರಬೆಳೆಯನ್ನು ತೆಗೆದುಹಾಕುವ ಆತುರ ಬೇಡ.

ಎರಡು: ಊರಿನ ಹೆಸರಿಗೆ ಸಿಕ್ಕ ಗುರುತು ತಾನಾಗಿಯೇ ಬೆಳೆಗಾರನ ಜೇಬಿಗೆ ಹಣ ತರುವುದಿಲ್ಲ. ಆ ಹೆಸರಿನಲ್ಲಿ ಮಾರುವ ಪೊಟ್ಟಣದೊಳಗೆ ನಮ್ಮ ಮಾಲು ಎಷ್ಟು, ಬೇರೆಯದು ಎಷ್ಟು ಎಂಬ ನಿಯಮ ಬರೆಯುವಾಗ ಬೆಳೆಗಾರರ ಸಂಘ ಅಲ್ಲಿ ಕೂತಿರಬೇಕು. ಶೇಕಡಾ 51ರ ಕಥೆ ಹೇಳುವುದು ಇದನ್ನೇ.

ಮೂರು: ಅಗಾವೆಯವರಿಗಿಲ್ಲದ ಒಂದು ಅನುಕೂಲ ಅಡಿಕೆಯವರಿಗೆ ಇದೆ. ಚೆನ್ನಾಗಿ ಒಣಗಿಸಿದ ಚಾಲಿ ಕೆಡದೆ ಉಳಿಯುತ್ತದೆ. ಹಳೆ ಚಾಲಿಗೆ ಹೊಸದಕ್ಕಿಂತ ಹೆಚ್ಚಿನ ದರವೂ ಉಂಟು. ಅಂದರೆ ವಿಸ್ಕಿಯವನ ಪೀಪಾಯಿ ನಮ್ಮ ಅಟ್ಟದಲ್ಲಿಯೇ ಇದೆ. ಕಾಫಿ ಮಳೆಗಾಲದ ತೇವಕ್ಕೆ ಬಣ್ಣಗೆಡುವುದರಿಂದ ಅಷ್ಟು ಕಾಲ ತಾಳದು, ಆದರೂ ಒಳ್ಳೆಯ ಉಗ್ರಾಣದಲ್ಲಿ ಕೆಲವು ತಿಂಗಳಾದರೂ ನಿಲ್ಲುತ್ತದೆ. ಸಾಲದ ಕಂತು, ಮದುವೆಯ ಖರ್ಚು, ಆಳಿನ ಕೂಲಿ ಎದುರಿಗಿರುವ ಸಣ್ಣ ಬೆಳೆಗಾರ ಒಬ್ಬನೇ ಕಾಯಲಾರ. ಮಾಲನ್ನು ಸಂಘದ ಉಗ್ರಾಣದಲ್ಲಿಟ್ಟು ಅದರ ಮೇಲೆ ಮುಂಗಡ ಪಡೆದರೆ ಕಾಯುವ ಭಾರ ಹಂಚಿಹೋಗುತ್ತದೆ. ಕೊಯ್ಲಿನ ವಾರದಲ್ಲಿಯೇ ಮಾರಲೇಬೇಕಾದವನಿಗೆ ದರ ಕೇಳುವ ಶಕ್ತಿಯಿರುವುದಿಲ್ಲ. ಒಂದು ಮಳೆಗಾಲ ದಾಟಿಸಬಲ್ಲವನಿಗೆ ಇರುತ್ತದೆ.